ಗಸ್ಟನ್ ಎಲ್ಲಿಗೂ ವಾಪಸ್ ಬರಲಿಲ್ಲ, ಸ್ವಾಮಿ!

ನಮಸ್ಕಾರ. ಇವತ್ತು ಬೇರೆ ಏನೋ ಮಾತಾಡಬೇಕು ಅಂತಿದ್ದೆ. ಆದರೆ ಕಳೆದ ವಾರದ ಎಪಿಸೋಡಿನ ಕೆಳಗೆ ಅಮೆರಿಕದ ಚಿತ್ರಕಾರ ಗಸ್ಟನ್ ಬಗ್ಗೆ ಒಬ್ಬರು ಬರೆದಿದ್ದಾರೆ: "ಫಿಲಿಪ್ ಗಸ್ಟನ್ ಚೆನ್ನಾಗಿ ಅಮೂರ್ತ ಚಿತ್ರ ಬರೀತಿದ್ದ. ಕೊನೆಗೆ ಸರಕು ಮುಗೀತು, ವಾಪಸ್ ಬೊಂಬೆ ಬರೆಯೋಕೆ ಬಂದ."

ಸರಕು ಮುಗೀತಂತೆ! ಇದನ್ನು ಓದಿ ರಾತ್ರಿ ನನಗೆ ಊಟ ಸೇರಲಿಲ್ಲ. ಸುಳ್ಳು, ಎರಡು ಸಲ ಬಡಿಸಿಕೊಂಡೆ. ಆದರೆ ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಗೊತ್ತಾಗಲಿಲ್ಲ.

ಅಮೂರ್ತ ಅಂದರೆ ಬರೀ ಬಣ್ಣ, ಗೀಟು. ಬೊಂಬೆ ಅಂದರೆ ಗುರುತು ಸಿಗೋ ಮನುಷ್ಯರು, ವಸ್ತುಗಳು. ನನ್ನ ತಕರಾರು ಆ "ವಾಪಸ್" ಅನ್ನೋ ಪದದ ಮೇಲೆ. ಗಸ್ಟನ್ ವಾಪಸ್ ಬರಲಿಲ್ಲ. ಮುಂದಕ್ಕೆ ಹೋದ.

ಹುಟ್ಟಿದ್ದು 1913ರಲ್ಲಿ, ಮಾಂಟ್ರಿಯಲ್‌ನಲ್ಲಿ. ಬೆಳೆದದ್ದು ಲಾಸ್ ಏಂಜಲೀಸ್. ಮುಂದೆ ದೊಡ್ಡ ಚಿತ್ರಕಾರನಾದ ಜಾಕ್ಸನ್ ಪೊಲಾಕ್ ಅವನ ಸ್ಕೂಲ್ ಗೆಳೆಯ. 1930ರ ಹೊತ್ತಿಗೇ ಅಮೆರಿಕದ ಬಿಳಿಯರ ಜನಾಂಗದ್ವೇಷಿ ಗುಂಪಾದ ಕು ಕ್ಲಕ್ಸ್ ಕ್ಲಾನ್‌ನವರ ಮೊನಚು ಮುಸುಕುಗಳನ್ನು ಬರೆದಿದ್ದ. ಆಗಿನ ಚಿತ್ರ ನೋಡಿ, ಇಟಲಿಯ ಹಳೇ ಗುರುಗಳ ಹತ್ತಿರ ಕಲಿತವನ ಹಾಗೆ ನುಣುಪು, ಅಚ್ಚುಕಟ್ಟು. ಆಮೇಲೆ ನ್ಯೂಯಾರ್ಕ್, 50ರ ದಶಕ, ಅಮೂರ್ತ ಚಿತ್ರಗಳು. ಮಂಜಿನೊಳಗೆ ಯಾರೋ ಕುಂಕುಮ ಚೆಲ್ಲಿದ ಹಾಗೆ. 1962ರಲ್ಲಿ ಗುಗೆನ್‌ಹೈಮ್ ಮ್ಯೂಸಿಯಮ್ಮಿನಲ್ಲಿ ದೊಡ್ಡ ಪ್ರದರ್ಶನವೂ ಆಯಿತು. ಅದನ್ನೇ ಬರೆದುಕೊಂಡು ಹಾಯಾಗಿ ಇರಬಹುದಿತ್ತು, ಅಲ್ವಾ?

ಇರಲಿಲ್ಲ. ಆಚೆ ವಿಯೆಟ್ನಾಂ ಯುದ್ಧ, ಬೀದಿಯಲ್ಲಿ ಲಾಠಿ. ಮನೆಯಲ್ಲಿ ಕೂತು ಪತ್ರಿಕೆ ಓದಿ ಕುದಿಯೋದು, ಆಮೇಲೆ ಸ್ಟುಡಿಯೋಗೆ ಹೋಗಿ ಕೆಂಪಿಗೂ ನೀಲಿಗೂ ಹೊಂದಿಸ್ತಾ ನಿಲ್ಲೋದು. ನಾನೆಂಥ ಮನುಷ್ಯ ಅಂತ ಅವನೇ ತನ್ನನ್ನು ಕೇಳಿಕೊಂಡಿದ್ದ. 1967ರಲ್ಲಿ ವುಡ್‌ಸ್ಟಾಕ್‌ಗೆ ಹೋಗಿ ನೆಲೆಸಿದ. ಶೂ, ಪುಸ್ತಕ, ಇಟ್ಟಿಗೆ, ಬಲ್ಬು ಬರೆಯೋಕೆ ಶುರು ಮಾಡಿದ. ಆಮೇಲೆ ಚಿತ್ರದೊಳಗೆ ಆ ಮುಸುಕಿನವರು ಬಂದರು.

1970ರ ಅಕ್ಟೋಬರ್. ಮಾರ್ಲ್‌ಬರೋ ಗ್ಯಾಲರಿಯಲ್ಲಿ ಅವನ್ನೆಲ್ಲ ತೂಗುಹಾಕಿದ. ಎಲ್ಲರೂ ತಲೆ ಮೇಲೆ ಕೈ ಹೊತ್ತರು. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ವಿಮರ್ಶಕ ಹಿಲ್ಟನ್ ಕ್ರೇಮರ್ ಬರೆದದ್ದರ ತಲೆಬರಹದ ಅರ್ಥ ಹೆಚ್ಚುಕಮ್ಮಿ ಇದು: ಪಂಡಿತನೊಬ್ಬ ಪೆದ್ದನ ವೇಷ ಹಾಕಿದ್ದಾನೆ. ಚಿತ್ರಕಾರ ಡಿ ಕೂನಿಂಗ್ ಮಾತ್ರ, ಇದು ಸ್ವಾತಂತ್ರ್ಯದ ಮಾತು ಅಂದ. ಚಿತ್ರ ಬರೆಯೋನಿಗೆ ಗೊತ್ತಾಯಿತು, ಪೇಪರಿನವರಿಗೆ ಆಗಲಿಲ್ಲ.

ಈಗ 1969ರ 'ದಿ ಸ್ಟುಡಿಯೋ' ನೋಡಿ. ಫೋನ್ ಪಕ್ಕಕ್ಕಿಡಬೇಡಿ, ಫೋನಲ್ಲೇ ನೋಡಿ. ಮುಸುಕು ಹಾಕಿದವನೊಬ್ಬ ಚಿತ್ರ ನಿಲ್ಲಿಸೋ ಈಸೆಲ್ ಮುಂದೆ ಕೂತಿದ್ದಾನೆ. ಕೆಂಪು ದಪ್ಪ ಕೈಯಲ್ಲಿ ಬ್ರಶ್. ಇನ್ನೊಂದು ಕೈಯಲ್ಲಿ ಸಿಗರೇಟು. ಮೇಲೆ ಬಲ್ಬು. ಬರೀತಿರೋದು ಯಾರನ್ನ? ತನ್ನನ್ನೇ! 1930ರಲ್ಲಿ ಮುಸುಕಿನೊಳಗೆ ಬೇರೆ ಯಾರೋ ಕೇಡಿಗಳಿದ್ದರು. ಈಗ ಒಳಗೆ ತಾನೇ ಕೂತಿದ್ದಾನೆ. ಇದಾ ವಾಪಸ್ ಬರೋದು? ಹಳೇ ಮನೆಗೆ ಬಂದವನು ಹಳೇ ಬಾಗಿಲನ್ನಾದರೂ ತಟ್ಟಬೇಕು ತಾನೇ?

ಇನ್ನೂ ಹತ್ತಿರ ಹೋಗಿ. ಆ ಗುಲಾಬಿ ಬಣ್ಣ ಎಲ್ಲಿಯದು? 50ರ ದಶಕದ್ದೇ. ಹಸಿ ಬಣ್ಣದ ಮೇಲೆ ಹಸಿ ಬಣ್ಣ ಎಳೆದು, ಗಿಡ್ಡ ಗಿಡ್ಡ ಗೀಟು ಒಟ್ಟೋದು. ಅದೂ ಆಗಿನದೇ. 60ರ ದಶಕದ ನಡುವಿನ ಬೂದು ಚಿತ್ರಗಳಲ್ಲೇ ಕಪ್ಪು ಗಡ್ಡೆಗಳು ತಲೆಗಳ ಹಾಗೆ ಬಂದು ಕೂತಿದ್ದವು. ಅಮೂರ್ತದ ಹೊಟ್ಟೆಯಿಂದಲೇ ಈ ಬೊಂಬೆಗಳು ಹುಟ್ಟಿದ್ದು. ವಾಪಸ್ ಅಲ್ಲ. ಮುಂದಕ್ಕೆ!

"ಆಪ್ತ ಗೆಳೆಯ ಫೆಲ್ಡ್‌ಮನ್ನೇ ಮಾತು ಬಿಟ್ಟನಲ್ಲ" ಅಂತ ಒಬ್ಬರು ಕೇಳಿದ್ದಾರೆ. ಈ ಬೊಂಬೆಗಳ ಕಾರಣಕ್ಕೆ ಆ ಸಂಗೀತ ರಚನಕಾರ ಮಾತು ಬಿಟ್ಟ, ನಿಜ. ಗಸ್ಟನ್ ತೀರಿಕೊಂಡದ್ದು 1980ರಲ್ಲಿ. ಅದೇ ಫೆಲ್ಡ್‌ಮನ್ 1984ರಲ್ಲಿ ಅವನ ಹೆಸರಲ್ಲಿ ನಾಲ್ಕು ಗಂಟೆಗೂ ಜಾಸ್ತಿ ಹೊತ್ತಿನ ಸಂಗೀತ ಬರೆದ. ನಾಲ್ಕು ಗಂಟೆ! ನನ್ನ ಎಪಿಸೋಡು ಎಂಟು ನಿಮಿಷ, ಅದನ್ನೂ ನೀವು ಡಬಲ್ ಸ್ಪೀಡಲ್ಲಿ ಕೇಳ್ತೀರಿ. ಅಂದ ಹಾಗೆ, ಸಬ್‌ಸ್ಕ್ರೈಬ್ ಮಾಡಿಲ್ಲದವರು ಮಾಡಿ. ಗಂಟೆ ಗುರುತನ್ನೂ ಒತ್ತಿ. ಸುಮ್ನೆ ಇಣುಕಿ ಹೋಗಬೇಡಿ.

ಇನ್ನೊಬ್ಬರದು, "ಇಂಥದ್ದನ್ನ ನನ್ನ ಮಗಳೂ ಬರೀತಾಳೆ." ಬರೀಲಿ, ಸಂತೋಷ. ನಾನೂ ಮೊನ್ನೆ ಗಸ್ಟನ್ ಥರ ಒಂದು ಬಲ್ಬು ಬರೆಯೋಕೆ ಕೂತೆ. ಮೂರು ಹಾಳೆ ಹಾಳಾಯಿತು. ನಾಲ್ಕನೇದನ್ನು ನೋಡಿ ನನ್ನ ಹೆಂಡತಿ, "ಬದನೆಕಾಯಿ ಚೆನ್ನಾಗಿದೆ ರೀ" ಅಂದಳು.

ಆದ್ದರಿಂದ ಹೇಳ್ತೀನಿ, ಅವನು ವಾಪಸ್ ಬರಲಿಲ್ಲ. ಯಾಕೆ ಅಂದರೆ... ಇಲ್ಲಿ ಏನೋ ಬರೆದುಕೊಂಡಿದ್ದೆ, ಹಾಳೆ ಮೇಲೆ ಕಾಫಿ ಬಿದ್ದಿದೆ. ಇರಲಿ, ಕಾರಣ ಯಾಕೆ? ಬರಲಿಲ್ಲ ಅಂದರೆ ಬರಲಿಲ್ಲ! ಐವತ್ತೇಳನೇ ವಯಸ್ಸಲ್ಲಿ ಊರೆಲ್ಲ ಉಗಿದರೂ ಮತ್ತೆ ಹತ್ತು ವರ್ಷ ಬರೆದ. ಸರಕು ಮುಗಿದವನು ಹಾಗೆ ಬರೀತಾನಾ? ನೀವೇ ಹೇಳಿ. ಬೇಡ, ನೀವು ಹೇಳಬೇಡಿ, ನಾನೇ ಹೇಳ್ತೀನಿ. ಇಲ್ಲ!

ಆ ಕಮೆಂಟನ್ನು ಮೇಲೆ ಪಿನ್ ಮಾಡಿದ್ದೀನಿ. ಹೋಗಿ ಓದಿ. ಪಾಪ, ಅವರನ್ನು ಯಾರೂ ಬೈಯಬೇಡಿ. ಸ್ವಲ್ಪ ಬೈಯಿರಿ.