ಬಿಟ್ಟ ಅಕ್ಷರ ಬಿಡಿ, ಸೇರಿಸಿದ್ದರ ಬಗ್ಗೆ ಮಾತಾಡೋಣ

ನಮಸ್ಕಾರ. ಇವತ್ತಿನ ವಿಡಿಯೋದಲ್ಲಿ ಪ್ರವಾಸ ಇಲ್ಲ, ಹೊಸ ವಸ್ತುವಿನ ಪರಿಚಯವೂ ಇಲ್ಲ. ಬರೀ ಗೊಣಗಾಟ. ದಿನಾ ಕಣ್ಣಿಗೆ ಬೀಳುವ ಇಂಗ್ಲಿಷ್ ತಪ್ಪುಗಳ ಬಗ್ಗೆ.

ಸ್ಕ್ರೀನ್ ಮೇಲಿರುವ ಈ ನೋಟಿಸ್ ನೋಡಿ. ಲಿಫ್ಟ್ ಬಾಗಿಲಿಗೆ ಅಂಟಿಸುತ್ತಾರಲ್ಲ, ಆ ಥರದ್ದು. ‘ವಿ ಕೇರ್ ಫಾರ್ ಯುವರ್ ಸೇಫ್ಟಿ’ ಅಂತ ಇದೆ. ಸ್ಪೆಲಿಂಗ್ ಎಲ್ಲಾ ಸರಿ. ಆದರೆ ‘ಕೇರ್’ ಪದವನ್ನು ಮಾತ್ರ ಉದ್ಧರಣ ಚಿಹ್ನೆಯೊಳಗೆ ಹಾಕಿದ್ದಾರೆ. ಒತ್ತಿ ಹೇಳಬೇಕು ಅನ್ನುವುದು ಅವರ ಉದ್ದೇಶ. ಓದುವವರಿಗೆ ಕೇಳಿಸುವುದೇ ಬೇರೆ: ಕಾಳಜಿ ಅಂತೆ, ಕಾಳಜಿ! ಆ ಲಿಫ್ಟ್ ಹತ್ತಲು ನನಗಂತೂ ಧೈರ್ಯ ಬರುವುದಿಲ್ಲ.

ನನ್ನ ಸಿಟ್ಟಿನ ಸ್ವಭಾವ ಇದೇ. ಯಾರೋ ಒಂದು ಅಕ್ಷರ ಬಿಟ್ಟರು, ಒಂದು ಚುಕ್ಕೆ ಮರೆತರು, ನನಗೇನೂ ಅನಿಸುವುದಿಲ್ಲ. ಅವಸರದಲ್ಲಿ ಟೈಪ್ ಮಾಡಿದ್ದಾರೆ, ಅಷ್ಟೇ. ಬೇಡದ್ದನ್ನು ತಂದು ಸೇರಿಸಿದಾಗ ಮಾತ್ರ ಕೆರಳುತ್ತೇನೆ. ಅಲ್ಲಿ ಶ್ರಮ ಹಾಕಿ ತಪ್ಪು ಮಾಡಿದ್ದಾರೆ, ಅಲ್ವಾ?

ಈ ಜಾತಿಯಲ್ಲಿ ಮೊದಲನೆಯದು ಅಪಾಸ್ಟ್ರಫಿ, ಅಂದರೆ ಅಕ್ಷರದ ಮೇಲ್ತುದಿಯಲ್ಲಿ ಹಾಕುವ ಪುಟ್ಟ ಕೊಕ್ಕೆ. ಬಹುವಚನದ ಎಸ್ ಕಂಡ ತಕ್ಷಣ ಅದರ ಮುಂದೆ ಒಂದು ಕೊಕ್ಕೆ ನೇತುಹಾಕುತ್ತಾರೆ. ಫೋಟೋಸ್, ವಿಡಿಯೋಸ್, ಟಿಕೆಟ್ಸ್, ಯಾವುದನ್ನೂ ಬಿಡುವುದಿಲ್ಲ. ಬ್ರಿಟನ್ನಿನಲ್ಲಿ ಇದಕ್ಕೆ ‘ತರಕಾರಿ ಅಂಗಡಿಯವರ ಅಪಾಸ್ಟ್ರಫಿ’ ಅಂತಲೇ ಅಡ್ಡಹೆಸರಿದೆ. ಪಾಪ, ತರಕಾರಿಯವರ ಮೇಲೆ ಯಾಕೆ ಹಾಕಬೇಕೋ. 18ನೇ ಶತಮಾನದಲ್ಲಿ ಓದಿದವರೇ ಹೀಗೆ ಬರೆಯುತ್ತಿದ್ದರು. ಸ್ವರದಲ್ಲಿ ಮುಗಿಯುವ ಹೊರಗಿನ ಪದಗಳಿಗೆ ಬಹುವಚನ ಮಾಡುವಾಗ ಕೊಕ್ಕೆ ಹಾಕುವುದು ಆಗ ಒಪ್ಪಿತ ರೂಢಿ. ಆ ಲೆಕ್ಕದಲ್ಲಿ ಫೋಟೋಸ್ ಪಾರಾಗುತ್ತದೆ. ಟಿಕೆಟ್ಸ್ ಆಗಲೂ ಪಾರಾಗುತ್ತಿರಲಿಲ್ಲ!

ಈ ಕೊಕ್ಕೆಯನ್ನು ಕಾಪಾಡಲು ಜಾನ್ ರಿಚರ್ಡ್ಸ್ ಎನ್ನುವ ನಿವೃತ್ತ ಪತ್ರಕರ್ತರು 2001ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಸಂಘವನ್ನೇ ಕಟ್ಟಿದರು. ಅಪಾಸ್ಟ್ರಫಿ ಪ್ರೊಟೆಕ್ಷನ್ ಸೊಸೈಟಿ. 2019ರಲ್ಲಿ, ತೊಂಬತ್ತಾರರ ವಯಸ್ಸಿನಲ್ಲಿ, ಅಜ್ಞಾನ ಮತ್ತು ಸೋಮಾರಿತನ ಗೆದ್ದವು ಅಂತ ಹೇಳಿ ಬಾಗಿಲು ಹಾಕಿದರು. ಅಜ್ಞಾನ ಸರಿ. ಸೋಮಾರಿತನ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಸೋಮಾರಿಗಳು ಕೊಕ್ಕೆ ಬಿಡುತ್ತಾರೆ. ಮೊಬೈಲ್ ಕೀಬೋರ್ಡಿನಲ್ಲಿ ಇನ್ನೊಂದು ಪುಟಕ್ಕೆ ಹೋಗಿ ಕೊಕ್ಕೆ ಹುಡುಕಿ ತರುವವರನ್ನು ಸೋಮಾರಿ ಅನ್ನಲಾದೀತೇ?

‘ಇಟ್ಸ್’ ವಿಷಯದಲ್ಲಿ ಮಾತ್ರ ನಾನು ಮೆತ್ತಗಾಗುತ್ತೇನೆ. ಕೊಕ್ಕೆ ಇದ್ದರೆ ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’. ಇಲ್ಲದಿದ್ದರೆ ‘ಅದರ’. ನಿಯಮ ಇಷ್ಟೇ. ಆದರೆ ಹೆಸರುಗಳಿಗೆಲ್ಲಾ ‘ಅವರ’, ‘ಅದರ’ ಅನ್ನಲು ಕೊಕ್ಕೆ ಬೇಕು, ಇದಕ್ಕೆ ಬೇಡ ಅಂದರೆ ಯಾರಿಗೆ ತಲೆ ಕೆಡುವುದಿಲ್ಲ? ಅಮೆರಿಕದ ಸಂವಿಧಾನವನ್ನು ಬರೆದವರಿಗೂ ಹೀಗೇ ಆಗಿದೆ. 1787ರ ಆ ಕೈಬರಹದಲ್ಲಿ, ಮೊದಲ ವಿಧಿಯ ಹತ್ತನೇ ಸೆಕ್ಷನ್ನಿನಲ್ಲಿ, ‘ಇಟ್ಸ್ ಇನ್‌ಸ್ಪೆಕ್ಷನ್ ಲಾಸ್’ ಅನ್ನುವಾಗ ಕೊಕ್ಕೆ ರಾಜಾರೋಷವಾಗಿ ಕೂತಿದೆ. ಆ ಕಾಲಕ್ಕೆ ಅದು ದೊಡ್ಡ ತಪ್ಪೂ ಅಲ್ಲ, ಅನೇಕರು ಹಾಗೆ ಬರೆಯುತ್ತಿದ್ದರು. ಅದೇ ಕಾಗದದಲ್ಲಿ ಸಹಿಗಳ ಹತ್ತಿರ ಪೆನ್ಸಿಲ್ವೇನಿಯಾಕ್ಕೆ ಒಂದು ಎನ್ ಕಡಿಮೆ ಬಿದ್ದಿದೆ. ಬಿಟ್ಟದ್ದು ತಾನೇ, ಇರಲಿ.

‘ಲೂಸ್’ ಕಥೆಯೂ ಹಾಗೇ. ಕಳೆದುಕೊಳ್ಳುವುದಕ್ಕೆ ಒಂದೇ ಓ. ಸಡಿಲ ಅನ್ನುವುದಕ್ಕೆ ಎರಡು. ಆದರೆ ಜನ ಕೀಲಿ ಕಳೆದುಕೊಂಡರೂ ಎರಡು ಓ, ತೂಕ ಕಳೆದುಕೊಂಡರೂ ಎರಡು ಓ. ‘ಚೂಸ್’ ಪದಕ್ಕೆ ಎರಡಿರುವಾಗ ಇದಕ್ಕೇಕೆ ಒಂದು ಅಂತ ಕೈ ತಾನಾಗಿಯೇ ಸೇರಿಸಿಬಿಡುತ್ತದೆ. ‘ಕುಡ್ ಹ್ಯಾವ್’ ಬದಲು ‘ಕುಡ್ ಆಫ್’ ಬರೆಯುವವರೂ ಕಿವಿಗೆ ಬಿದ್ದದ್ದನ್ನು ಬರೆದವರು. ಅವಸರದ ಮಾತಿನಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ. ಸುಮ್ನೆ ಬಿಟ್ಟುಬಿಡಿ.

ಪಿನ್ ನಂಬರ್, ಎಟಿಎಂ ಮಷೀನ್, ರಿಟರ್ನ್ ಬ್ಯಾಕ್, ರಿಪೀಟ್ ಅಗೇನ್. ಪಿನ್‌ನ ಕೊನೆಯ ಎನ್ ಅಂದರೇ ನಂಬರ್. ಎಟಿಎಂನ ಎಂ ಅಂದರೇ ಮಷೀನ್. ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ, ಹೇಳಿದರೆ ನಾನೂ ರಿಪೀಟ್ ಅಗೇನ್ ಮಾಡಿದಂತಾಗುತ್ತದೆ.

ಈಗ ನಿಜವಾಗಿ ರೇಗುವ ಜಾಗಕ್ಕೆ ಬರೋಣ. ಆಫೀಸ್ ಈಮೇಲ್. ‘ಪ್ಲೀಸ್ ಕಾಂಟ್ಯಾಕ್ಟ್ ಮೈಸೆಲ್ಫ್.’ ಏನಿದು? ‘ಮೀ’ ಅಂದರೆ ಏನು ಕಡಿಮೆಯಾಗುತ್ತಿತ್ತು? ‘ಮೀ’ ತುಂಬಾ ಚಿಕ್ಕದು, ತುಂಬಾ ಮನೆಮಾತಿನದು, ಕೋಟು ಹಾಕಿಲ್ಲ ಅನ್ನುವ ಅನುಮಾನ. ಹಾಗಾಗಿ ಉದ್ದದ್ದನ್ನು ಹಾಕುತ್ತಾರೆ. ನನ್ನನ್ನು ನಾನೇ ನೋಡಿಕೊಂಡರೆ ಅಲ್ಲಿ ‘ಮೈಸೆಲ್ಫ್’ ಸರಿ. ನೀವು ನನ್ನನ್ನು ಸಂಪರ್ಕಿಸಲು ಅದು ಯಾಕೆ ಬೇಕು?

‘ಬಿಟ್ವೀನ್ ಯೂ ಅಂಡ್ ಮೀ’ ಅನ್ನಬೇಕಾದ ಕಡೆ ‘ಬಿಟ್ವೀನ್ ಯೂ ಅಂಡ್ ಐ’ ಹುಟ್ಟಿದ ರೀತಿ ಇನ್ನೂ ತಮಾಷೆ. ‘ನಾನೂ ಅವನೂ ಆಡಲು ಹೋದೆವು’ ಅನ್ನುವ ಕಡೆ ಮಕ್ಕಳು ‘ಮೀ’ ಬಳಸಿದರೆ ದೊಡ್ಡವರು ಗದರುತ್ತಾರೆ, ‘ಐ’ ಅನ್ನು ಅಂತ. ಮಗು ಕಲಿಯುವ ಪಾಠವೇ ಬೇರೆ: ‘ಮೀ’ ಕೆಟ್ಟ ಪದ, ‘ಐ’ ಮರ್ಯಾದಸ್ಥರ ಪದ. ಆಮೇಲೆ ಜೀವನ ಪೂರ್ತಿ ‘ಐ’ ಬೇಡದ ಕಡೆಯೂ ಅದನ್ನೇ ಕೂರಿಸುತ್ತದೆ. ಶೇಕ್ಸ್‌ಪಿಯರ್ ಕೂಡ ‘ಮರ್ಚೆಂಟ್ ಆಫ್ ವೆನಿಸ್’ ನಾಟಕದ ಒಂದು ಪತ್ರದಲ್ಲಿ ‘ಬಿಟ್ವೀನ್ ಯೂ ಅಂಡ್ ಐ’ ಬರೆದಿದ್ದಾನೆ ಅಂತ ಯಾರಾದರೂ ವಾದಿಸಬಹುದು. ನಿಜ, ಬರೆದಿದ್ದಾನೆ. ನನಗೆ ಅವನ ಮೇಲೂ ಸ್ವಲ್ಪ ಬೇಸರವಿದೆ.

‘ಹೂ’ ಪದಕ್ಕೆ ಎಂ ಅಂಟಿಸುವವರದ್ದೂ ಇದೇ ರೋಗ. ಫೋನ್ ಎತ್ತಿ ‘ಹೂಮ್ ಶಲ್ ಐ ಸೇ ಈಸ್ ಕಾಲಿಂಗ್?’ ಅಂತ ಕೇಳುತ್ತಾರೆ. ಉತ್ತರದಲ್ಲಿ ‘ಹಿಮ್’ ಬರುವಂತಿದ್ದರೆ ‘ಹೂಮ್’, ‘ಹಿ’ ಬರುವಂತಿದ್ದರೆ ‘ಹೂ’. ಕರೆ ಮಾಡುತ್ತಿರುವುದು ‘ಹಿ’. ಹಾಗಾಗಿ ಎಂ ಬೇಡ. ಅನುಮಾನ ಬಂದರೆ ಬರೀ ‘ಹೂ’ ಅನ್ನಿ. ಯಾರೂ ಹುಬ್ಬೇರಿಸುವುದಿಲ್ಲ.

ಇಷ್ಟೆಲ್ಲಾ ಗೊಣಗಿದ ಮೇಲೆ ಇಂಗ್ಲಿಷ್ ಡಿಕ್ಷನರಿ ತೆರೆದರೆ ನಗು ಬರುತ್ತದೆ. ಸಾಲ ಅನ್ನುವ ‘ಡೆಟ್’ ಪದದಲ್ಲಿ ಬಿ ಯಾಕಿದೆ? ಫ್ರೆಂಚಿನಿಂದ ಬಂದಾಗ ಇರಲೇ ಇಲ್ಲ. ಲ್ಯಾಟಿನ್ನಿನಲ್ಲಿ ‘ಡೆಬಿಟಂ’ ಅಂತ ಇದೆಯಲ್ಲ, ನಮಗೆ ಅದು ಗೊತ್ತು ಅಂತ ತೋರಿಸಲು ಪಂಡಿತರು ತಂದು ತುರುಕಿದ್ದು. ‘ಐಲ್ಯಾಂಡ್’ ಪದದ ಎಸ್ ಇನ್ನೂ ಅನ್ಯಾಯದ್ದು. ಅದು ಹಳೆಯ ಇಂಗ್ಲಿಷಿನದೇ ಪದ, ಲ್ಯಾಟಿನ್ನಿಗೂ ಅದಕ್ಕೂ ಸಂಬಂಧವೇ ಇಲ್ಲ. 16ನೇ ಶತಮಾನದಲ್ಲಿ ಲ್ಯಾಟಿನ್ ಮೂಲದ ‘ಐಲ್’ ಪದದ ನೆಂಟ ಅಂತ ತಪ್ಪು ತಿಳಿದು ಎಸ್ ಸೇರಿಸಿದರು. ಟಾರ್ಮಿಗನ್ ಎನ್ನುವ ಹಕ್ಕಿಯ ಹೆಸರು ಗೇಲಿಕ್ ಭಾಷೆಯದು. ಅದನ್ನು ಗ್ರೀಕ್ ಅಂದುಕೊಂಡು ಮುಂದೆ ಒಂದು ಪಿ ಕೂರಿಸಿದರು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಇವತ್ತು ಆ ಬಿ ಬಿಟ್ಟು ಬರೆದ ಮಗುವಿಗೆ ಮಾರ್ಕ್ಸ್ ಕಟ್!

ಹೆಚ್ಚಿನ ಒಂದು ಅಕ್ಷರದಿಂದ ಏನು ಮಹಾ ಆಗುತ್ತದೆ ಅನ್ನುವವರಿಗೆ ವೇಲ್ಸ್‌ನ ಒಂದು ಪ್ರಕರಣ ಹೇಳುತ್ತೇನೆ. 2009ರಲ್ಲಿ ‘ಟೇಲರ್ ಅಂಡ್ ಸನ್’ ಎನ್ನುವ ಕಂಪನಿ ಮುಚ್ಚಬೇಕು ಅಂತ ಆದೇಶವಾಯಿತು. ಬ್ರಿಟನ್ನಿನ ಕಂಪನಿ ನೋಂದಣಿ ಕಚೇರಿ ಅದನ್ನು ‘ಟೇಲರ್ ಅಂಡ್ ಸನ್ಸ್’ ಹೆಸರಿಗೆ ದಾಖಲಿಸಿತು. ಅದು ಬೇರೆಯೇ ಕಂಪನಿ. ಕಾರ್ಡಿಫ್‌ನ ಹಳೆಯ ಇಂಜಿನಿಯರಿಂಗ್ ಸಂಸ್ಥೆ, 200ಕ್ಕೂ ಹೆಚ್ಚು ನೌಕರರು. ಮುಳುಗಿದೆ ಅಂತ ಸುದ್ದಿ ಹಬ್ಬಿತು, ಸರಕು ಕೊಡುವವರು ಹಿಂದೆ ಸರಿದರು, ಕೊನೆಗೆ ಕಂಪನಿ ನಿಜವಾಗಿಯೂ ಮುಳುಗಿತು. ಹೊಣೆ ನೋಂದಣಿ ಕಚೇರಿಯದೇ ಅಂತ 2015ರಲ್ಲಿ ಹೈಕೋರ್ಟ್ ಹೇಳಿತು. ಎಲ್ಲಾ ಒಂದು ಎಸ್‌ನಿಂದ.

ಬಿಟ್ಟ ಅಕ್ಷರದ ಗತಿ ಇದಕ್ಕೆ ಉಲ್ಟಾ. ಬ್ರೌಸರ್ ಮತ್ತು ವೆಬ್‌ಸೈಟ್ ಮಾತಾಡಿಕೊಳ್ಳುವ ಎಚ್‌ಟಿಟಿಪಿ ನಿಯಮಗಳಲ್ಲಿ, ನೀವು ಯಾವ ಪುಟದಿಂದ ಬಂದಿರಿ ಅಂತ ಹೇಳುವ ‘ರೆಫರರ್’ ಎನ್ನುವ ಸಾಲಿದೆ. 1996ರ ದಾಖಲೆಯಲ್ಲೇ ಅದಕ್ಕೆ ನಡುವಿನ ಒಂದು ಆರ್ ಇಲ್ಲ. ಇವತ್ತಿಗೂ ಬ್ರೌಸರ್‌ಗಳು ಆ ತಪ್ಪು ಸ್ಪೆಲಿಂಗನ್ನೇ ಕಳಿಸುತ್ತವೆ. ಏನೂ ಕೆಟ್ಟಿಲ್ಲ.

ಆದರೆ ನನ್ನ ವಾದಕ್ಕೆ ಅಡ್ಡ ಬರುವ ಒಂದು ಕೇಸೂ ಇದೆ, ಮುಚ್ಚಿಡುವುದಿಲ್ಲ. ಅಮೆರಿಕದ ಮೇನ್ ರಾಜ್ಯದಲ್ಲಿ ಓವರ್‌ಟೈಮ್ ಕೊಡಬೇಕಿಲ್ಲದ ಕೆಲಸಗಳ ಒಂದು ಪಟ್ಟಿ ಕಾನೂನಿನಲ್ಲಿತ್ತು. ಪಟ್ಟಿಯ ಕೊನೆಯಲ್ಲಿ ‘ಸಾಗಣೆಗಾಗಿ ಪ್ಯಾಕ್ ಮಾಡುವುದು ಅಥವಾ ವಿತರಣೆ’ ಅಂತ ಇತ್ತು, ‘ಅಥವಾ’ ಮುಂಚೆ ಕಾಮಾ ಇರಲಿಲ್ಲ. ಹಾಗಾಗಿ ಇಂಗ್ಲಿಷಿನಲ್ಲಿ ಅದನ್ನು ‘ಸಾಗಣೆ ಅಥವಾ ವಿತರಣೆಗಾಗಿ ಪ್ಯಾಕ್ ಮಾಡುವುದು’ ಅಂತಲೂ ಓದಬಹುದಿತ್ತು. ಓಕ್‌ಹರ್ಸ್ಟ್ ಡೈರಿಯ ಚಾಲಕರು ಇದನ್ನೇ ಹಿಡಿದರು: ವಿನಾಯಿತಿ ಇರುವುದು ಪ್ಯಾಕ್ ಮಾಡುವುದಕ್ಕೆ, ನಾವು ಪ್ಯಾಕ್ ಮಾಡುವುದಿಲ್ಲ, ಬರೀ ವಿತರಿಸುತ್ತೇವೆ, ನಮಗೆ ಓವರ್‌ಟೈಮ್ ಕೊಡಿ. 2017ರಲ್ಲಿ ಮೇಲ್ಮನವಿ ಕೋರ್ಟ್ ಅವರ ಪರ ನಿಂತಿತು. ಮರುವರ್ಷ 50 ಲಕ್ಷ ಡಾಲರಿಗೆ ರಾಜಿಯಾಯಿತು. ಮೇನ್‌ನ ಶಾಸಕರು ಕಾನೂನು ತಿದ್ದಲು ಕೂತರು. ಬೇಕಾಗಿದ್ದದ್ದು ಒಂದೇ ಒಂದು ಕಾಮಾ. ಅವರು ಪಟ್ಟಿಯಲ್ಲಿದ್ದ ಕಾಮಾಗಳನ್ನೆಲ್ಲಾ ಕಿತ್ತು, ಉದ್ದಕ್ಕೂ ಸೆಮಿಕೋಲನ್ ನೆಟ್ಟರು.