ಚೀಟಿಯ ಮೇಲೆ ಪೂರ್ತಿ ಹೆಸರು: ಫಿಲಿಪ್ಪೀನ್ಸ್‌ನ ಬರಂಗಾಯ್ ಚುನಾವಣೆ ಮತ್ತು ಬಡ ಹೆಣ್ಣುಮಕ್ಕಳು

ಅಧ್ಯಕ್ಷರೇ, ಪಂಚಾಯ್ತಿಗಳಿಂದ ಬಂದಿರುವ ಅಕ್ಕ ತಂಗಿಯರೇ, ಎಲ್ಲರಿಗೂ ನಮಸ್ಕಾರ.

ಬರಂಗಾಯ್ ಅಂದರೆ ಫಿಲಿಪ್ಪೀನ್ಸ್‌ನ ಅತಿ ಕೆಳಹಂತದ ಸ್ಥಳೀಯ ಸರ್ಕಾರ, ನಮ್ಮ ಗ್ರಾಮ ಪಂಚಾಯ್ತಿಯ ಹಾಗೆ. ಹಳ್ಳಿಯಲ್ಲೂ ಇದೆ, ಮನಿಲಾದ ಕೊಳೆಗೇರಿಯಲ್ಲೂ ಇದೆ. ದೇಶದಲ್ಲಿ ಒಟ್ಟು 42,000ದಷ್ಟಿವೆ. ಪ್ರತಿಯೊಂದಕ್ಕೂ ಒಬ್ಬ ಮುಖ್ಯಸ್ಥ, ಏಳು ಜನ ಕಾಗಾವಾಡ್. ನಮ್ಮ ಬೆಳಗಾವಿ ಕಡೆಯ ಕಾಗವಾಡ ಅಲ್ಲ, ಸದಸ್ಯರನ್ನು ಅಲ್ಲಿ ಕರೆಯೋದು ಹಾಗೆ. ಈ ಚುನಾವಣೆ ಮುಂದೂಡಿ ಮುಂದೂಡಿ ಕೊನೆಗೆ 2023ರ ಅಕ್ಟೋಬರ್ 30ರಂದು ನಡೆಯಿತು. ಮುಂದಿನದನ್ನು ಕಾನೂನು 2026ರ ನವೆಂಬರ್ ಮೊದಲ ಸೋಮವಾರಕ್ಕೆ ನಿಗದಿ ಮಾಡಿದೆ.

ಹೆಂಗಸರನ್ನು ಚುನಾವಣೆಗೆ ತಯಾರು ಮಾಡೋದು ಅಂದಕೂಡಲೇ ಭಾಷಣ ಕಲಿಸೋದು, ಧೈರ್ಯ ತುಂಬೋದು ಶುರುವಾಗುತ್ತದೆ. ಧೈರ್ಯ ಅವರಲ್ಲಿ ಮೊದಲೇ ಇದೆ. ಅವರು ಸೋಲುವ ಜಾಗ ಬೇರೆ: ಮತದಾರರ ಪಟ್ಟಿ, ಮತ ಬರೆಯುವ ಚೀಟಿ, ಎಣಿಕೆಯ ಮೇಜು. ತರಬೇತಿ ಅಲ್ಲಿಂದಲೇ ಶುರುವಾಗಬೇಕು ಅನ್ನೋದು ನನ್ನ ಹಟ.

1937ರ ಕಥೆ ನೋಡಿ. ಅಲ್ಲಿನ ಹೆಂಗಸರಿಗೆ 1933ರ ಕಾಯ್ದೆಯಲ್ಲಿ ಸಿಕ್ಕಿದ್ದ ಮತದ ಹಕ್ಕು 1935ರ ಸಂವಿಧಾನದಲ್ಲಿ ಕೈಬಿಟ್ಟುಹೋಯಿತು. ಸಂವಿಧಾನ ಬರೆದವರು ಒಂದು ಷರತ್ತು ಇಟ್ಟರು: ಎರಡು ವರ್ಷದೊಳಗೆ ಜನಮತಗಣನೆ ಆಗಬೇಕು, ಅದರಲ್ಲಿ ಕನಿಷ್ಠ 3,00,000 ಹೆಂಗಸರು ತಾವೇ ಬಂದು ‘ಹಕ್ಕು ಬೇಕು’ ಅಂತ ಮತ ಹಾಕಬೇಕು. ಯಾವ ಗಂಡಸಿಗೂ ಇಂಥ ಪರೀಕ್ಷೆ ಇರಲಿಲ್ಲ. ಓಟಿನ ಅನುಭವವೇ ಇಲ್ಲದವರಿಗೆ, ರಸ್ತೆ ಇಲ್ಲದ ದ್ವೀಪಗಳಲ್ಲಿ, ಮೂರು ಲಕ್ಷ! ಹೆಂಗಸರ ಮತದ ಹಕ್ಕಿಗೆ ಹೋರಾಡಿದ ಪಿಲಾರ್ ಹಿದಾಲ್ಗೊ ಲಿಮ್ ಮತ್ತು ಹೊಸೆಫಾ ಲಾನೆಸ್ ಎಸ್ಕೋಡಾ ಅಂಥವರು, ಊರೂರಿನ ಮಹಿಳಾ ಸಂಘಗಳವರು ಮನೆಮನೆಗೆ ನಡೆದರು. ಮೊದಲು ಹೆಸರು ನೋಂದಾಯಿಸಬೇಕು, ಆಮೇಲೆ ಆ ದಿನ ಮನೆಯಿಂದ ಹೊರಡಿಸಬೇಕು. ಏಪ್ರಿಲ್ 30ರಂದು ‘ಬೇಕು’ ಅಂದವರು 4,47,725 ಜನ, ‘ಬೇಡ’ ಅಂದವರು 44,307. ಆ ಸಂಖ್ಯೆ ಬಂದದ್ದು ನೋಂದಣಿಯಿಂದ. ಇವತ್ತಿಗೂ ಮೊದಲ ಕೆಲಸ ಅದೇ.

ನೋಂದಣಿಗೆ 18 ವರ್ಷ ಆಗಿರಬೇಕು, ದೇಶದಲ್ಲಿ ಒಂದು ವರ್ಷ, ಆ ಊರಲ್ಲಿ ಆರು ತಿಂಗಳು ವಾಸ ಇರಬೇಕು. ಗುರುತಿನ ಚೀಟಿ ಹಿಡಿದು ಕೊಮೆಲೆಕ್, ಅಂದರೆ ಚುನಾವಣಾ ಆಯೋಗದ ಸ್ಥಳೀಯ ಕಚೇರಿಗೆ ಹೋಗಬೇಕು. ಫೋಟೊ, ಬೆರಳಚ್ಚು, ಸಹಿ ತಗೊಳ್ಳುತ್ತಾರೆ. ಚುನಾವಣೆಗೆ 120 ದಿನ ಇರುವಾಗ ಬಾಗಿಲು ಮುಚ್ಚುತ್ತದೆ. ಪ್ರಚಾರ ಶುರುವಾದ ಮೇಲೆ ಎಚ್ಚೆತ್ತ ಸಂಘಟನೆಗೆ ಆಗ ಒಂದೇ ಒಂದು ಹೆಸರು ಸೇರಿಸಲೂ ಆಗದು.

ಹೆಸರು ಇದ್ದವರದೂ ಹೋಗುತ್ತದೆ. ಸತತ ಎರಡು ಚುನಾವಣೆಯಲ್ಲಿ ಮತ ಹಾಕದಿದ್ದರೆ ಹೆಸರನ್ನು ನಿಷ್ಕ್ರಿಯ ಮಾಡುತ್ತಾರೆ. ಮನಿಲಾದಲ್ಲಿ ಮನೆಗೆಲಸಕ್ಕಿದ್ದು 2023ರ ಅಕ್ಟೋಬರ್‌ನ ಬರಂಗಾಯ್ ಚುನಾವಣೆ, 2025ರ ಮೇ ತಿಂಗಳ ಸಂಸತ್ತು, ಮೇಯರ್ ಚುನಾವಣೆ ಎರಡಕ್ಕೂ ಊರಿಗೆ ಬರಲಾಗದವಳನ್ನು ನೆನೆಯಿರಿ. ಅವಳು ಮತ್ತೆ ಸಕ್ರಿಯ ಮಾಡಿಸಲು ಅರ್ಜಿ ಕೊಡಬೇಕು, ಅದೂ ಗಡುವಿನೊಳಗೆ. ಮದುವೆಯಾಗಿ ಬೇರೆ ಊರಿಗೆ ಹೋದವಳು ವರ್ಗಾವಣೆ ಮಾಡಿಸಬೇಕು.

ಓದು ಬರಹ ಬಾರದವರ ವಿಷಯಕ್ಕೆ ಗಮನ ಕೊಡಿ. ನೋಂದಣಿ ದಾಖಲೆಯಲ್ಲಿ ಅದನ್ನು ಬರೆಸಿರಬೇಕು. ಸಂಕೋಚಪಟ್ಟು ಬರೆಸದಿದ್ದರೆ ಮತದಾನದ ದಿನ ಜೊತೆಗೆ ಯಾರನ್ನೂ ಬಿಡುವುದಿಲ್ಲ. ಬರೆಸಿದ್ದರೆ ಹತ್ತಿರದ ನೆಂಟರು, ಒಂದೇ ಮನೆಯಲ್ಲಿರುವ ನಂಬಿಕಸ್ಥರು ಅಥವಾ ಮತಗಟ್ಟೆಯ ಅಧಿಕಾರಿಗಳು ಬರೆದುಕೊಡಬಹುದು. ಅಧಿಕಾರಿಗಳನ್ನು ಬಿಟ್ಟು ಬೇರೆ ಯಾರೂ ಮೂರು ಸಲಕ್ಕಿಂತ ಹೆಚ್ಚು ಬರೆದುಕೊಡುವಂತಿಲ್ಲ. ಒಬ್ಬನೇ ನಿಂತು ಓಣಿಯವರ ಚೀಟಿಯನ್ನೆಲ್ಲ ಬರೆಯುವುದನ್ನು ತಡೆಯುವ ನಿಯಮ ಇದು. ಇದನ್ನು ನಮ್ಮ ಹೆಣ್ಣುಮಕ್ಕಳು ಬಾಯಿಪಾಠ ಮಾಡಿರಬೇಕು.

ಈಗ ಚೀಟಿ. ಸಂಸತ್ತು, ಮೇಯರ್ ಚುನಾವಣೆಗೆ 2010ರಿಂದ ಚೀಟಿಯನ್ನು ಓದಿ ಎಣಿಸುವ ಯಂತ್ರ ಇದೆ, ಚೀಟಿಯಲ್ಲಿ ಅಭ್ಯರ್ಥಿಯ ಹೆಸರಿನ ಪಕ್ಕದ ಗೋಲ ತುಂಬಬೇಕು. ಬರಂಗಾಯ್‌ನಲ್ಲಿ ಮಾತ್ರ ಬಹುತೇಕ ಕಡೆ ಹೆಸರನ್ನು ಕೈಯಲ್ಲೇ ಬರೆಯಬೇಕು. ಎರಡರ ನಿಯಮ ಬೇರೆ ಬೇರೆ. ಯಂತ್ರದ ಚೀಟಿಯಲ್ಲಿ ಮಿತಿಗಿಂತ ಒಂದು ಗೋಲ ಹೆಚ್ಚು ತುಂಬಿದರೂ ಆ ಹುದ್ದೆಯ ಅಷ್ಟೂ ಮತ ಹೋಯಿತು. ಕೈಬರಹದಲ್ಲಿ ಏಳು ಕಾಗಾವಾಡ್ ಸ್ಥಾನಕ್ಕೆ ಎಂಟು ಹೆಸರು ಬರೆದರೆ ಮೊದಲ ಏಳನ್ನು ಎಣಿಸುತ್ತಾರೆ. ಹಾಗಾಗಿ ನಮ್ಮ ಅಭ್ಯರ್ಥಿಯ ಹೆಸರು ಕೊನೆಗೆ ಬೇಡ, ಮೊದಲ ಗೆರೆಯಲ್ಲಿರಲಿ. ಕಾಗುಣಿತ ತಪ್ಪಿದರೂ ಉಚ್ಚಾರ ಒಂದೇ ಆದರೆ ಮತ ಸಿಂಧು. ಇದನ್ನು ಹೇಳಿದರೆ ಬರೆಯಲು ಹೆದರುವವರ ಕೈ ನಡುಗುವುದು ನಿಲ್ಲುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಗಂಟು ಇಲ್ಲಿದೆ. 1985ರ ಚುನಾವಣಾ ಸಂಹಿತೆಯ 211ನೇ ಕಲಮು ಹೇಳುತ್ತದೆ: ಅಭ್ಯರ್ಥಿ ಹೆಂಗಸಾಗಿದ್ದು, ತವರಿನ ಅಥವಾ ಗಂಡನ ಮನೆಯ ಅಡ್ಡಹೆಸರು, ಅಂದರೆ ಮನೆತನದ ಹೆಸರು, ಬಳಸುತ್ತಿದ್ದು, ಅದೇ ಅಡ್ಡಹೆಸರಿನ ಇನ್ನೊಬ್ಬರೂ ಕಣದಲ್ಲಿದ್ದರೆ, ಬರೀ ಅಡ್ಡಹೆಸರು ಬರೆದ ಚೀಟಿ ಈಗಾಗಲೇ ಅಧಿಕಾರದಲ್ಲಿರುವವರಿಗೆ ಸೇರುತ್ತದೆ. ಊರ ತುಂಬ ಒಂದೇ ಅಡ್ಡಹೆಸರು ಇರುವ ಕಡೆ, ಗಂಡನ ಅಣ್ಣನೇ ಹಾಲಿ ಸದಸ್ಯನಾಗಿರುವ ಕಡೆ, ಅವಳಿಗಾಗಿ ಬರೆದ ಮತ ಭಾವನ ಖಾತೆಗೆ ಹೋಗುತ್ತದೆ! ಆದ್ದರಿಂದ ಕರಪತ್ರದಲ್ಲಿ, ಮನೆ ಬಾಗಿಲಲ್ಲಿ, ಮಾರುಕಟ್ಟೆಯಲ್ಲಿ ಒಂದೇ ಮಾತು: ಪೂರ್ತಿ ಹೆಸರು ಬರೆಯಿರಿ. ಖಾಲಿ ಕಾಗದ ಕೊಟ್ಟು ಹತ್ತು ಸಲ ಬರೆಸಿರಿ.

ಎಣಿಕೆಗೆ ಬರೋಣ. ಮತಗಟ್ಟೆ ನಡೆಸುವ ಶಿಕ್ಷಕರ ಮಂಡಳಿ ಒಂದೊಂದು ಚೀಟಿ ಗಟ್ಟಿಯಾಗಿ ಓದುತ್ತದೆ, ಮತಕ್ಕೊಂದು ಗೀಟು ಹಾಕುತ್ತಾ ನಾಲ್ಕು ನಿಂತ ಗೀಟಿನ ಮೇಲೆ ಐದನೆಯದನ್ನು ಅಡ್ಡ ಎಳೆಯುತ್ತಾರೆ. ನಮ್ಮ ಏಜೆಂಟ್ ಓದುವವರ ಚೀಟಿ ಕಣ್ಣಿಗೆ ಕಾಣುವಷ್ಟು ಹತ್ತಿರ ಇರಬೇಕು. ತಾನೂ ಒಂದು ಹಾಳೆಯಲ್ಲಿ ಗೀಟು ಹಾಕುತ್ತಾ ಹೋಗಬೇಕು. ಆಕ್ಷೇಪ ಇದ್ದರೆ ಬರೆದು ಕೊಡಬೇಕು, ಬಾಯಿಮಾತು ದಾಖಲಾಗದು. ಕೊನೆಗೆ ಮಂಡಳಿಯ ಸಹಿ, ಹೆಬ್ಬೆಟ್ಟಿರುವ ಮತಸಂಖ್ಯೆಯ ಪ್ರಮಾಣಪತ್ರ ಕೇಳಿ ಪಡೆಯಬೇಕು. ಅದು ಹಕ್ಕು. ಎಣಿಕೆ ರಾತ್ರಿಗೆ ಜಾರುತ್ತದೆ, ಮಕ್ಕಳಿಗಾಗಿ ತಾಯಂದಿರು ಮನೆಗೆ ಓಡುತ್ತಾರೆ, ಕುರ್ಚಿ ಖಾಲಿಯಾಗುತ್ತದೆ. ಒಂದು ಮತಗಟ್ಟೆಗೆ ಇಬ್ಬರನ್ನು ಪಾಳಿಯಲ್ಲಿ ನೇಮಿಸಿ. ಮಕ್ಕಳನ್ನು ನೋಡಿಕೊಳ್ಳಲು ಮೂರನೆಯವರು ಇರಲಿ.

ಸಮಯ ಆಯಿತು ಅಂತ ಚೀಟಿ ಬಂದಿದೆ. ಮೀಸಲಾತಿ ಬಗ್ಗೆ ಒಂದೇ ಮಾತು: ನಮ್ಮ ಪಂಚಾಯ್ತಿಗಳಲ್ಲಿ ಅರ್ಧ ಸ್ಥಾನ ಹೆಂಗಸರದು. ಅಲ್ಲಿ 1991ರ ಸ್ಥಳೀಯ ಸರ್ಕಾರ ಸಂಹಿತೆ ಪುರಸಭೆ, ನಗರ ಮತ್ತು ಪ್ರಾಂತ ಮಟ್ಟದಲ್ಲಿ ಹೆಂಗಸರಿಗೆ ಒಂದು ಸ್ಥಾನ ಬರೆದಿಟ್ಟಿತು. ಪೂರಕ ಕಾಯ್ದೆ ಬರದೆ ಅದೂ ಕಾಗದದಲ್ಲೇ ಉಳಿದಿದೆ. ಮನೆತನದ ರಾಜಕಾರಣವನ್ನು 1987ರ ಸಂವಿಧಾನ ನಿಷೇಧಿಸುತ್ತದೆ, ಆದರೆ ‘ಕಾನೂನು ವ್ಯಾಖ್ಯಾನಿಸಿದಂತೆ’ ಅಂದಿತು, ಆ ಕಾನೂನು ಬರಲಿಲ್ಲ. ಮತ ಕೊಳ್ಳುವವನೂ ಮಾರುವವಳೂ ಅಪರಾಧಿಗಳೇ; ತಾವಾಗಿ ಬಂದು ಮಾಹಿತಿ ಕೊಟ್ಟವರಿಗೆ ಮಾತ್ರ ವಿನಾಯಿತಿ ಇದೆ.

ಕೊನೆಯದು ಖರ್ಚು. ಬರಂಗಾಯ್ ಅಭ್ಯರ್ಥಿ ಒಬ್ಬ ಮತದಾರನಿಗೆ ಐದು ಪೆಸೊ ಲೆಕ್ಕದಲ್ಲಿ ಖರ್ಚು ಮಾಡಬಹುದು. 2,000 ಮತದಾರರಿದ್ದರೆ 10,000 ಪೆಸೊ. ಚುನಾವಣೆ ಮುಗಿದ 30 ದಿನದೊಳಗೆ ಲೆಕ್ಕ ಕೊಡಬೇಕು, ಸೋತವರೂ ಕೊಡಬೇಕು. ಗೆದ್ದವಳು ಲೆಕ್ಕ ಕೊಡದೆ ಕುರ್ಚಿ ಹತ್ತುವಂತಿಲ್ಲ. ಮೊದಲ ದಿನದಿಂದಲೇ ರಸೀದಿಗಳನ್ನು ಒಂದು ಲಕೋಟೆಯಲ್ಲಿ ಹಾಕಿಡಿ. ನಿಮ್ಮ ಪ್ರಶ್ನೆಗಳಿಗೆ ಈಗ ಸಮಯ. ನೋಂದಣಿಯ ಪ್ರಶ್ನೆ ಇದ್ದವರು ಮೊದಲು ಕೇಳಿ.