ಅರ್ಧ ಮಂಡಿ, ಪೂರ್ತಿ ಪಾಡು

ಇದು ನನ್ನ ಬಲ ಮಂಡಿ. ಸವೆದ ಒಂದು ಪಕ್ಕವನ್ನಷ್ಟೇ ಬದಲಾಯಿಸುವ ಆಪರೇಷನ್ ಆಗಿ ಇವತ್ತಿಗೆ 6 ವಾರ. ಈ ಗೆರೆ ನೋಡಿ, ನನ್ನ ಬೆರಳಿಗಿಂತ ಸ್ವಲ್ಪ ಉದ್ದ, ಅಷ್ಟೇ. ನೋಡಿದವರೆಲ್ಲ "ಇಷ್ಟೇನಾ?" ಅಂತಾರೆ. ಇಷ್ಟಕ್ಕೇ ನಾನು ಮೂರು ವರ್ಷ ಹೆದರಿಕೊಂಡು ಕೂತಿದ್ದೆ.

ನೋವು ಶುರುವಾದದ್ದು ಮೆಟ್ಟಿಲು ಇಳಿಯುವಾಗ. ಮಂಡಿಯ ಒಳಪಕ್ಕದಲ್ಲಿ, ಒಂದೇ ಬೆರಳಿಟ್ಟು ತೋರಿಸಬಹುದಾದ ಜಾಗ. ಮೊದಲು ಹೋದ ಕಡೆ ಮಲಗಿಸಿ ಎಕ್ಸ್‌ರೇ ತೆಗೆದರು, "ವಯಸ್ಸಾಯ್ತಲ್ಲ" ಅಂತ ಮಾತ್ರೆ ಕೊಟ್ಟು ಕಳಿಸಿದರು. ಎರಡನೇ ಡಾಕ್ಟರು ನಿಲ್ಲಿಸಿ ತೆಗೆಸಿದರು. ಮಲಗಿದಾಗ ಮೂಳೆಗಳ ನಡುವೆ ಜಾಗ ಕಾಣುತ್ತಿತ್ತು. ಮೈಭಾರ ಬಿದ್ದ ಕೂಡಲೇ ಒಳಪಕ್ಕದಲ್ಲಿ ಮೂಳೆಗೆ ಮೂಳೆ ತಾಗಿಕೊಂಡಿತ್ತು. ಹೊರಪಕ್ಕ ಮಾತ್ರ ಚೆನ್ನಾಗೇ ಇತ್ತು.

ಮಂಡಿ ಸವೆಯಿತು ಅಂದರೆ ಪೂರ್ತಿ ಹೋಯಿತು ಅಂದುಕೊಂಡಿದ್ದೆ. ಹಾಗಲ್ಲವಂತೆ. ಅದರಲ್ಲಿ ಮೂರು ಭಾಗ. ಒಳಪಕ್ಕ, ಹೊರಪಕ್ಕ, ಚಿಪ್ಪಿನ ಹಿಂಭಾಗ. ಒಂದೇ ಭಾಗ ಸವೆದಿದ್ದರೆ ಅದನ್ನಷ್ಟೇ ಬದಲಾಯಿಸಬಹುದು. ತೊಡೆಮೂಳೆಯ ತುದಿಗೆ ಲೋಹದ ಟೋಪಿ, ಕೆಳಗಿನ ಮೂಳೆಯ ಮೇಲೆ ಪುಟ್ಟ ಲೋಹದ ತಟ್ಟೆ, ಎರಡರ ನಡುವೆ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆ. ಮಂಡಿಯೊಳಗೆ ಮೂಳೆಗಳನ್ನು ಬಿಗಿದು ಹಿಡಿಯುವ ನಾರುಗಳಾದ ಲಿಗಮೆಂಟ್‌ಗಳನ್ನು ಹಾಗೇ ಉಳಿಸುತ್ತಾರೆ. ನಿನ್ನೆ ಮೊನ್ನೆಯ ಪ್ರಯೋಗವೂ ಅಲ್ಲ. ಆಕ್ಸ್‌ಫರ್ಡ್ ಮಂಡಿ ಅನ್ನುವ ಮಾದರಿಯನ್ನು ಒಂದೇ ಪಕ್ಕಕ್ಕೆ ಹಾಕಲು ಶುರುಮಾಡಿದ್ದು 1982ರಲ್ಲಿ.

ಎಲ್ಲರಿಗೂ ಆಗುವುದಿಲ್ಲ. ರುಮಟಾಯ್ಡ್ ಥರದ ವಾತ ಇದ್ದರೆ ಇಡೀ ಕೀಲೇ ಕೆಡುತ್ತದೆ, ಅಂಥವರಿಗೆ ಇದು ಬೇಡ. ಇನ್ನೊಂದು ವಿಷಯ. ಮುಂದೆ ಮತ್ತೆ ಆಪರೇಷನ್ ಆಗುವ ಸಾಧ್ಯತೆ ಪೂರ್ತಿ ಮಂಡಿ ಹಾಕಿಸಿಕೊಂಡವರಿಗಿಂತ ಇದರಲ್ಲಿ ಜಾಸ್ತಿ. ಉಳಿದ ಭಾಗವೂ ಸವೆಯಬಹುದು ಅಲ್ವಾ? ಇದನ್ನು ಡಾಕ್ಟರು ನಾನು ಕೇಳುವ ಮೊದಲೇ ಹೇಳಿದರು. ಒಪ್ಪಿಕೊಂಡದ್ದೇ ಆ ಮಾತಿಗೆ.

ಆಪರೇಷನ್ ಬಗ್ಗೆ ಹೇಳುವುದು ಕಡಿಮೆ. ಬೆನ್ನಿಗೆ ಇಂಜೆಕ್ಷನ್, ಸೊಂಟದ ಕೆಳಗೆ ಏನೂ ಗೊತ್ತಾಗಲಿಲ್ಲ. ಅರೆನಿದ್ದೆಯಲ್ಲಿ ಬಡಗಿ ಕೆಲಸದ ಹಾಗೆ ಟಕ್ ಟಕ್ ಸದ್ದು ಕೇಳಿದ ನೆನಪು. ಅವತ್ತು ಸಂಜೆಯೇ ವಾಕರ್ ಹಿಡಿಸಿ ನಾಲ್ಕು ಹೆಜ್ಜೆ ನಡೆಸಿದರು. ನಾನು ಬೀಗಿದೆ, ಎಲ್ಲರಿಗೂ ಫೋಟೋ ಕಳಿಸಿದೆ.

ಮಾರನೇ ರಾತ್ರಿ ಮದ್ದಿನ ಅಮಲು ಇಳಿಯಿತು. ಆಗ ಗೊತ್ತಾಯಿತು.

ಈ ಕ್ಲಿಪ್ ಹಾಕಲೋ ಬೇಡವೋ ಅಂತ ತುಂಬ ಯೋಚಿಸಿದೆ. ಹಿಮ್ಮಡಿ ಕೆಳಗೆ ಒಂದು ಪ್ಲಾಸ್ಟಿಕ್ ಕವರ್ ಇದೆ, ಕಾಣ್ತಾ? ಹಾಸಿಗೆ ಮೇಲೆ ಕಾಲು ಜಾರಲಿ ಅಂತ. ಮಂಡಿ ಮಡಚುತ್ತಾ ಹಿಮ್ಮಡಿಯನ್ನು ನನ್ನ ಕಡೆಗೆ ಎಳೆದುಕೊಳ್ಳಬೇಕು. "70 ಡಿಗ್ರಿ ಬಂತು ಮೇಡಂ, ಇನ್ನೊಂಚೂರು" ಅಂತ ಫಿಸಿಯೋ ಹುಡುಗಿ. ಆ ಇನ್ನೊಂಚೂರಿಗೆ ಕಣ್ಣಲ್ಲಿ ನೀರು. ಮಂಡಿ ಊದಿ ಚರ್ಮ ಹೊಳೆಯುತ್ತಿತ್ತು. ವ್ಯಾಯಾಮ, ಐಸು, ಕಾಲು ಮೇಲಿಟ್ಟು ಮಲಗುವುದು, ದಿನವೆಲ್ಲ ಇದೇ.

ಒಂದು ಕಳ್ಳತನ ಒಪ್ಪಿಕೊಳ್ಳುತ್ತೇನೆ. ಮಂಡಿ ಕೆಳಗೆ ದಿಂಬು ಇಡಬೇಡಿ ಅಂದಿದ್ದರು. ಇಟ್ಟರೆ ಎಷ್ಟು ಹಾಯಾಗಿರುತ್ತದೆ ಗೊತ್ತಾ! ರಾತ್ರಿ ಕದ್ದು ಇಟ್ಟುಕೊಳ್ಳುತ್ತಿದ್ದೆ. ಎರಡನೇ ವಾರ ಕಾಲು ಪೂರ್ತಿ ನೇರವಾಗಲೇ ಇಲ್ಲ, ಸಿಕ್ಕಿಬಿದ್ದೆ. ದಿಂಬು ಹಿಮ್ಮಡಿ ಕೆಳಗೆ ಹೋಯಿತು. ಮಡಚುವುದಷ್ಟೇ ಅಲ್ಲ, ಚಾಚುವುದನ್ನೂ ಕಲಿಯಬೇಕಿತ್ತು.

ಈಗ ಹೇಗಿದೆ ಅಂದರೆ, ಹಳೇ ನೋವು ಹೋಗಿದೆ. ಸಂಜೆಗೆ ಊತ ಬರುತ್ತದೆ, ಅದು ಹೋಗಲು ತಿಂಗಳುಗಳೇ ಬೇಕಂತೆ. ಗೆರೆಯ ಹೊರಪಕ್ಕ ಒಂದು ಜಾಗಕ್ಕೆ ಸ್ಪರ್ಶವೇ ಇಲ್ಲ. ಸೋಪು ಹಚ್ಚುವಾಗ ಬೇರೆ ಯಾರದೋ ಕಾಲು ಉಜ್ಜಿದ ಹಾಗೆ. ಚರ್ಮದ ಸಣ್ಣ ನರ ಅಲ್ಲಿ ಕತ್ತರಿಸಿರುತ್ತದೆ, ಗಾಬರಿ ಬೇಡ ಅಂದರು. ನೆಲಕ್ಕೆ ಮಂಡಿಯೂರಲು ಇನ್ನೂ ಧೈರ್ಯ ಬಂದಿಲ್ಲ.

ಸರಿ, ಮೆಟ್ಟಿಲು. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಹೀಗೆ ಹೇಳಿಕೊಟ್ಟಿದ್ದರು. ಹೋದ ವಾರದಿಂದ ಒಂದು ಮೆಟ್ಟಿಲಿಗೆ ಒಂದೇ ಕಾಲು, ಎಲ್ಲರ ಹಾಗೆ. ಕಂಬಿ ಹಿಡಿದಿದ್ದೇನೆ, ಕಾಣುತ್ತಿದೆ, ಬಿಡಿ. ಈ ತಿರುವಿನಲ್ಲಿ ವಾಲ್ಯೂಮ್ ಸ್ವಲ್ಪ ಜಾಸ್ತಿ ಮಾಡಿ. "ಟಿಕ್" ಅಂತು, ಕೇಳಿಸಿತಾ? ಲೋಹಕ್ಕೆ ಪ್ಲಾಸ್ಟಿಕ್ ತಾಗುವ ಸದ್ದು. ಮನೆಯಲ್ಲಿ ಈಗ ಎಲ್ಲರಿಗೂ ನಾನು ಬರುತ್ತಿರುವುದು ಮೊದಲೇ ಗೊತ್ತಾಗುತ್ತದೆ.